ಯಾರಿಗೋಸ್ಕರ ಈ ಪಥ್ಯ

"ಮೈ ತುಂಬಿಕೊಂಡಿದ್ದಾಳೆ" ಎಂಬ ಮಾತನ್ನು ಹೊಗಳಿಕೆಯೆಂದು ಮೊಟ್ಟಮೊದಲು ಆಡಿದ ಪುಣ್ಯಾತ್ಮರು ಯಾರೋ, ಅವರ ನಾಲಿಗೆಗೆ ಹುಳ ಬೀಳಲಿ. ಶ್ಟಿಪ್ ಊರಿನಲ್ಲಿ ವಂಗೆಲಿಯಾಳಿಗೆ ಆ ಮಾತು ಹೇಳದ ಬಾಯಿಲ್ಲ. ಮದುವೆಯಾಗಿ ಬಂದಾಗ ಕಡ್ಡಿಯಂತಿದ್ದವಳು ಮಗಳನ್ನು ಹೆತ್ತ ಮೇಲೆ ಹೊಟ್ಟೆ, ಸೊಂಟದ ಸುತ್ತ ತುಂಬಿಕೊಂಡಳು. ಬೀದಿಯ ಹೆಂಗಸರು ಅವಳ ಅತ್ತೆ ಜಾಫಿರಾಳನ್ನು ಅಡ್ಡಗಟ್ಟಿ, "ಸೊಸೇನ ಚೆನ್ನಾಗಿ ನೋಡ್ಕೊಂಡಿದ್ದೀಯ ಕಣೇ" ಎಂದರು. ಜಾಫಿರಾ ಹಿಗ್ಗಿ ಹೀರೇಕಾಯಿಯಾದಳು. ಸೊಸೆಯ ಸೊಂಟ ಆ ಮನೆಯ ಮರ್ಯಾದೆಯಾಯಿತು. ಒಳಗೆ ಏನಾಗುತ್ತಿದೆ ಎಂದು ಕೇಳಿದವರು ಯಾರೂ ಇಲ್ಲ.

ವಂಗೆಲಿಯಾ ಹತ್ತೊಂಬತ್ತನೆಯ ವಯಸ್ಸಿನಿಂದ ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬರೀ ಕಾಲರ್. ತೋಳು ಕೂಡಿಸುವವರು ಬೇರೆ, ಗುಂಡಿ ಹಚ್ಚುವವರು ಬೇರೆ. ಬೆಳಕು ಹರಿಯುವ ಮೊದಲೇ ಮಷೀನಿನ ಮುಂದೆ ಕೂತರೆ ಮಧ್ಯಾಹ್ನ ದಾಟುವವರೆಗೆ ಏಳುವ ಹಾಗಿಲ್ಲ. ಜರ್ಮನಿಗೆ ಮಾಲು ಹೋಗುವ ವಾರವಾದರೆ ಶನಿವಾರದ ರಜೆಯೂ ಕೈಬಿಟ್ಟು ಹೋಯಿತು. ಪಾಯಿಖಾನೆಗೆ ಹೋಗಬೇಕಾದರೆ ಮೇಲ್ವಿಚಾರಕಿಯ ಮುಖ ನೋಡಬೇಕು, ಆ ಕಾಟಕ್ಕೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಡಾಕ್ಟರ ಹತ್ತಿರ ಹೋಗಲು ಅರ್ಧ ದಿನ ರಜೆ ಕೇಳಿದರೆ ಆ ತಿಂಗಳ ಹಾಜರಿ ಭತ್ಯೆಗೆ ಎಳ್ಳುನೀರು. ಹೀಗಾಗಿ ಆ ಕಾರ್ಖಾನೆಯಲ್ಲಿ ಕಾಯಿಲೆ ಬೀಳುವ ಧೈರ್ಯ ಯಾವ ಹೆಂಗಸಿಗೂ ಇರಲಿಲ್ಲ. ಬಿಡುವು ಅರ್ಧ ಗಂಟೆ. ಗೇಟಿನೆದುರಿನ ಬೇಕರಿಯಿಂದ ಬುರೆಕ್ ಬರುತ್ತಿತ್ತು. ಒಳಗೆ ಚೀಸ್, ಮೇಲೆ ಪದರ ಪದರ ಹಿಟ್ಟು, ಸುತ್ತಿದ ಕಾಗದವೆಲ್ಲ ಎಣ್ಣೆ. ಜೊತೆಗೆ ಒಂದು ಬಾಟಲಿ ಸಿಹಿ ಸೋಡಾ. ನಿದ್ದೆಗೆಟ್ಟ ಮೈಗೆ ಅದೇ ಆಧಾರ.

ಪಕ್ಕದ ಮಷೀನಿನ ಮೆಂಕಾ ಬಾಯಿ ಬಡುಕಿ. ಸಿದ್ಧವಾದ ಶರ್ಟನ್ನು ಎತ್ತಿ ಹಿಡಿದು, "ನೋಡ್ರೇ, ಇದು ಅಲ್ಲಿಯ ಹೆಂಗಸಿನ ಮೈಗೆ. ನಮ್ಮಲ್ಲಾದ್ರೆ ಒಂದು ತೋಳಿಗೆ ಸರಿಹೋದೀತು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ವಂಗೆಲಿಯಾಳೂ ನಗುತ್ತಿದ್ದಳು. ಈಗ ಆ ನಗು ನೆನೆಸಿಕೊಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಮಗಳು ಯಾನಾ ಹೊಟ್ಟೆಯಲ್ಲಿದ್ದಾಗಲೇ ಸುಳಿವು ಸಿಕ್ಕಿತ್ತು. ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. "ಬಸುರಿನ ಸಕ್ಕರೆ, ಹೆತ್ತ ಮೇಲೆ ಹೋಗುತ್ತೆ" ಎಂದು ಆಸ್ಪತ್ರೆಯ ದಾದಿ ಕೈಬೀಸಿದಳು. ಮಗು ಎಷ್ಟು ದಪ್ಪಗೆ ಹುಟ್ಟಿತೆಂದರೆ ವಾರ್ಡಿನ ಬಾಣಂತಿಯರೆಲ್ಲ ಬಂದು ನೋಡಿದರು. ಸಕ್ಕರೆ ಹೋಯಿತು, ನಿಜ. ಕಳ್ಳ ಹೋಗುವ ಹಾಗೆ ಹೋಯಿತು, ಮನೆಯವರು ಮಲಗಿದ ಮೇಲೆ ಬರೋಣ ಎಂದು. ಮತ್ತೆ ಬಂದೀತು, ವರ್ಷಕ್ಕೊಮ್ಮೆ ರಕ್ತ ತೋರಿಸಮ್ಮ ಎಂಬ ಒಂದು ಮಾತು, ಒಂದೇ ಒಂದು ಮಾತು, ಯಾವ ಬಿಳಿ ಕೋಟಿನ ಬಾಯಿಂದಲೂ ಬರಲಿಲ್ಲ.

ಬದಲಿಗೆ ಬಂದದ್ದು ತಟ್ಟೆಗಳು. ನಲವತ್ತು ದಿನ ಬಾಣಂತಿ ಹೊಸಿಲು ದಾಟುವಂತಿಲ್ಲ, ನೋಡಲು ಬರುವವರು ಬರಿಗೈಯಲ್ಲಿ ಬರುವಂತಿಲ್ಲ. ಹಾಲು ಬರಲಿ ಎಂದು ಹಲ್ವಾ. ಸುಸ್ತು ಹೋಗಲಿ ಎಂದು ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಲ್ಲೆ, ಮೇಲೆ ಸಕ್ಕರೆ ಪುಡಿ. ಮಗು ಸಿಹಿಯಾಗಿ ಬೆಳೆಯಲಿ ಎಂದು ಪಾಕದಲ್ಲಿ ಮುಳುಗಿದ ತುಲುಂಬಾ. ಬೇಡ ಎಂದರೆ ಕೊಟ್ಟವರಿಗೆ ಅವಮಾನ, ಮಗುವಿಗೆ ಅಪಶಕುನ. ವಂಗೆಲಿಯಾ ತಿಂದಳು. ತಿನ್ನದೆ ಏನು ಮಾಡುತ್ತಾಳೆ?

ಯಾನಾಳಿಗೆ ಮೂರು ವರ್ಷವಾದಾಗ ಇನ್ನೊಂದು ಮಗುವಿನ ಮಾತು ಶುರುವಾಯಿತು. ವಂಗೆಲಿಯಾಳಿಗೂ ಬೇಕಿತ್ತು, ತುಂಬಾ ಬೇಕಿತ್ತು. ಒಬ್ಬಳೇ ಮಗಳಾಗಿ ಬೆಳೆದ ಅವಳಿಗೆ ಒಂಟಿತನ ಏನೆಂದು ಗೊತ್ತು. ಆದರೆ ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ನಿಂತಿತೆಂದು ಆಸೆ ಹುಟ್ಟುವಷ್ಟರಲ್ಲಿ ಧೋ ಎಂದು ಬಂದು ವಾರಗಟ್ಟಲೆ ಹರಿಯುತ್ತಿತ್ತು. ಒಮ್ಮೆ ಮಷೀನಿನ ಮುಂದೆ ಕೂತಲ್ಲೇ ಕುರ್ಚಿ ತೊಯ್ದುಹೋಗಿ, ಮೆಂಕಾ ಜರ್ಮನಿಗೆ ಹೋಗಬೇಕಾದ ಶರ್ಟೊಂದನ್ನು ಅವಳ ಸೊಂಟಕ್ಕೆ ಕಟ್ಟಿ ಕರೆದುಕೊಂಡು ಹೋಗಿದ್ದಳು.

ಊರಿನಲ್ಲಿ ಹೆಂಗಸರ ಡಾಕ್ಟರ್ ಎಂದರೆ ಕಾಮ್ಚೆವ್. ಅರ್ಧ ಶ್ಟಿಪ್ ಊರನ್ನು ತಾಯಂದಿರ ಹೊಟ್ಟೆಯಿಂದ ಹೊರಗೆಳೆದ ಕೈ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಖಾಸಗಿ ಕ್ಲಿನಿಕ್ಕಿನ ಬಾಗಿಲು ಮುಚ್ಚಿರಲಿಲ್ಲ. ಹೋದಾಗಲೆಲ್ಲ ತಣ್ಣಗಿನ ಲೋಳೆ ಹಚ್ಚಿ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದ. ಪರದೆ ನೋಡುತ್ತಲೇ ಮಾತಾಡುತ್ತಿದ್ದ, ಅವಳ ಮುಖ ನೋಡುತ್ತಿರಲಿಲ್ಲ.

"ನಿನಗೇನೂ ಆಗಿಲ್ಲಮ್ಮ. ಸ್ವಲ್ಪ ತೂಕ ಇಳಿಸು. ಮನಸ್ಸು ಹಗುರ ಮಾಡ್ಕೋ. ಗಂಡನ ಜೊತೆ ಸಮುದ್ರದ ಕಡೆ ನಾಲ್ಕು ದಿನ ಹೋಗ್ಬಾ."

"ಡಾಕ್ಟ್ರೇ, ಈ ರಕ್ತ ಹೋಗೋದು..."

"ನರಗಳ ಕಾಟ ಅದು. ಈಗಿನ ಕಾಲದ ಹೆಂಗಸರಿಗೆ ಯೋಚನೆ ಜಾಸ್ತಿ."

ಆರು ವರ್ಷ ಇದೇ ಮಂತ್ರ. ತೂಕ ಇಳಿಸು ಎಂದವನು ಹೇಗೆ ಎಂದು ಹೇಳಲಿಲ್ಲ, ಏಕೆ ಏರುತ್ತಿದೆ ಎಂದು ಹುಡುಕಲಿಲ್ಲ, ಬೆರಳಿಗೆ ಒಂದು ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಲಿಲ್ಲ. ಹಣ ಮಾತ್ರ ಪ್ರತಿ ಸಲ ಮರೆಯದೆ ತೆಗೆದುಕೊಂಡ.

ಡಾಕ್ಟರ ಕೈಲಾಗದ್ದನ್ನು ತಾನು ಮಾಡುತ್ತೇನೆ ಎಂದು ಜಾಫಿರಾ ಟೊಂಕ ಕಟ್ಟಿದಳು. ಗುಡ್ಡದಾಚೆಯ ಹಳ್ಳಿಯಲ್ಲಿ ಬಂಜೆಯರಿಗೆ ಮದ್ದು ಕೊಡುವ ಮುದುಕಿಯೊಬ್ಬಳಿದ್ದಳು. ಅವಳ ಮದ್ದು ಜೇನು. ಅದರಲ್ಲಿ ಜಜ್ಜಿದ ಅಕ್ರೋಟು, ಹೂವಿನ ಪರಾಗ, ಇನ್ನೇನೋ ಬೇರು. ಮಠದ ಪಾದ್ರಿಯಿಂದ ಮಂತ್ರಿಸಿಕೊಂಡು ಬಂದ ದೊಡ್ಡ ಜಾಡಿ ಅಡಿಗೆಮನೆಯ ಕಪಾಟಿನಲ್ಲಿ ದೇವರ ಹಾಗೆ ಕೂತಿತು. ಸೊಸೆ ಪಾಳಿಗೆ ಹೊರಡುವ ಮೊದಲು, ಬರಿಹೊಟ್ಟೆಗೆ, ಜಾಫಿರಾ ತಾನೇ ಎದ್ದು ಬಂದು ದೊಡ್ಡ ಚಮಚದ ತುಂಬ ಬಾಯಿಗಿಡುತ್ತಿದ್ದಳು.

"ನುಂಗು ಮಗಾ. ಈ ವರ್ಷ ತೊಟ್ಟಿಲು ತೂಗೇ ತೂಗುತ್ತೆ."

ಜಾಡಿ ಖಾಲಿಯಾದರೆ ಇನ್ನೊಂದು ಬರುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎಂದು ಮಾತಿಗೆ ಹೇಳುತ್ತೇವೆ. ಇಲ್ಲಿ ಪ್ರೀತಿಯೇ ಚಮಚದಲ್ಲಿ ಆ ವಿಷ ಹಿಡಿದು ನಿಂತಿತ್ತು, ಬೇಡ ಎನ್ನುವುದು ಹೇಗೆ?

ಈ ನಡುವೆ ವಂಗೆಲಿಯಾಳ ಕತ್ತಿನ ಹಿಂಭಾಗ ಕಪ್ಪಾಗತೊಡಗಿತು. ಮುಟ್ಟಿದರೆ ಮಖಮಲ್ಲಿನ ಹಾಗೆ. ಕೊಳೆ ಎಂದುಕೊಂಡು ಸೋಪು ಹಾಕಿ ತಿಕ್ಕಿದಳು. ಜಾಫಿರಾ ಒರಟು ಬಟ್ಟೆ ತಂದು ತಾನೂ ತಿಕ್ಕಿದಳು. ಗಂಡ ಸ್ಪಾಸೆ ಲಾರಿ ರಿಪೇರಿ ಮಾಡುವವನು, ಕೆಟ್ಟವನಲ್ಲ, ಆದರೆ ತಲೆ ಓಡಿಸುವ ಕಷ್ಟ ತೆಗೆದುಕೊಂಡವನಲ್ಲ. "ಗ್ರೀಸ್ ಹತ್ತೋದು ನನಗೆ, ಕತ್ತು ಕಪ್ಪಾಗೋದು ನಿನಗೆ" ಎಂದು ಚುಡಾಯಿಸಿದ. ಚರ್ಮ ಕಿತ್ತು ಬರುವವರೆಗೆ ತಿಕ್ಕಿದ ಮೇಲೆ, ಬೇಸಿಗೆಯಲ್ಲೂ ಕತ್ತಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದಳು. ಕಾಮ್ಚೆವ್ ಆ ಕತ್ತನ್ನು ಎಷ್ಟು ಸಲ ನೋಡಿರಬಹುದು! ಕಣ್ಣಿದ್ದೂ ಕುರುಡ.

ಅದನ್ನು ಕಂಡವಳು ಇಸ್ಕ್ರಾ. ಸರ್ಕಾರಿ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ್, ಇನ್ನೂ ಮೂವತ್ತು ತುಂಬದ ಹುಡುಗಿ. ವಂಗೆಲಿಯಾ ಹೋದದ್ದು ತಲೆನೋವಿನ ಮಾತ್ರೆಗೆ. ಪಾಳಿ ಮುಗಿಸಿ ನೇರ ಬಂದಿದ್ದಳು, ಅಳತೆ ಟೇಪು ಇನ್ನೂ ಹೆಗಲ ಮೇಲೇ ಇತ್ತು. ಇಸ್ಕ್ರಾ ಮಾತ್ರೆ ಬರೆಯುವ ಬದಲು ಎದ್ದು ಬಂದು ಅವಳ ಕತ್ತಿನ ಬಟ್ಟೆ ಸರಿಸಿದಳು.

"ಇದು ಯಾವಾಗಿಂದ ಇದೆ?"

"ಕೊಳೆ ಡಾಕ್ಟ್ರೇ. ತಿಕ್ಕಿದ್ರೂ ಹೋಗಲ್ಲ."

"ಕೊಳೆಯಲ್ಲಕ್ಕ. ಇನ್ನು ಮೇಲೆ ತಿಕ್ಕಬೇಡಿ." ಅದೇ ಟೇಪನ್ನು ಎಳೆದುಕೊಂಡು ಅವಳ ಸೊಂಟ ಸುತ್ತಿ ಅಳೆದಳು. ರಕ್ತದೊತ್ತಡ ನೋಡಿದಳು, ಮುಖ ಗಂಟಿಕ್ಕಿದಳು. ಮರುದಿನ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಲು ಹೇಳಿದಳು.

ಹಾಜರಿ ಭತ್ಯೆ ಹಾಳಾಗಿ ಹೋಗಲಿ ಎಂದು ವಂಗೆಲಿಯಾ ಹೋದಳು. ರಕ್ತದ ಫಲಿತಾಂಶ ಬಂದ ದಿನ ಇಸ್ಕ್ರಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು.

"ನೋಡಿ ಅಕ್ಕ, ಸಕ್ಕರೆ ಮೇಲೆ, ರಕ್ತದ ಕೊಬ್ಬು ಮೇಲೆ, ಒತ್ತಡ ಮೇಲೆ, ಸೊಂಟದ ಸುತ್ತಳತೆ ಮೇಲೆ. ಇವು ನಾಲ್ಕು ಕಾಯಿಲೆ ಅಲ್ಲ, ಒಂದೇ ಬಳ್ಳಿಯ ಕಾಯಿಗಳು. ಮುಟ್ಟು ಕೆಟ್ಟಿರೋದೂ, ಕತ್ತು ಕಪ್ಪಾಗಿರೋದೂ ಅದೇ ಬಳ್ಳಿಯಿಂದ. ಹೀಗೇ ಬಿಟ್ರೆ ನಾಳೆ ಹೃದಯ, ಕಿಡ್ನಿ, ಕಣ್ಣು. ಬಸುರಿನಲ್ಲಿ ಸಕ್ಕರೆ ಬಂದಿತ್ತಾ?"

"ಬಂದಿತ್ತು. ಹೋಯ್ತಲ್ಲ!"

"ಹೋಗಿಲ್ಲ. ಅದಾದ ಮೇಲೆ ಯಾರೂ ರಕ್ತ ನೋಡಲೇ ಇಲ್ವಾ? ಎಷ್ಟು ವರ್ಷ?"

ವಂಗೆಲಿಯಾ ಬೆರಳು ಮಡಿಸಿ ಎಣಿಸತೊಡಗಿದಳು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಇಸ್ಕ್ರಾ ಕೇಳಿದಳು. ಜೇನು ಎಂದಳು ವಂಗೆಲಿಯಾ. ಎಷ್ಟು ದಿನದಿಂದ ಎಂದಳು. ಹೇಳಿದಳು. ಇಸ್ಕ್ರಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಎರಡು ಕೈಯಲ್ಲೂ ಹಣೆ ಒತ್ತಿಕೊಂಡಳು.

ಅಂದು ವಂಗೆಲಿಯಾ ಮನೆಗೆ ನಡೆದು ಬರಲಿಲ್ಲ, ಉರಿದುಕೊಂಡು ಬಂದಳು. ಚಪ್ಪಲಿ ಬಿಡದೆ ಅಡಿಗೆಮನೆಗೆ ನುಗ್ಗಿ, ಕಪಾಟಿನ ಜಾಡಿ ಇಳಿಸಿ, ಮುಚ್ಚಳ ತೆಗೆದು ಸಿಂಕಿನಲ್ಲಿ ಬೋರಲು ಹಾಕಿದಳು. ಜೇನು ಗಟ್ಟಿ, ಬೇಗ ಇಳಿಯುವುದಿಲ್ಲ. ಅದು ಇಳಿಯುವವರೆಗೂ ಅಲ್ಲೇ ನಿಂತಳು.

"ಅಯ್ಯೋ ಪಾಪಿ! ಪಾದ್ರಿ ಮಂತ್ರಿಸಿದ ಜೇನು!" ಜಾಫಿರಾ ಎದೆ ಬಡಿದುಕೊಂಡಳು.

"ಈ ಜೇನೇ ನನ್ನನ್ನ ತಿಂದಿದ್ದು ಅತ್ತೆ! ವರ್ಷಗಟ್ಟಲೆ ನೀವು ಬಾಯಿಗಿಟ್ರಿ, ಆ ಕಾಮ್ಚೆವ್ ನರ ನರ ಅಂದ, ನಾನು ಕುರಿ ಹಾಗೆ ಬಾಯಿ ತೆಗೆದೆ!"

"ನಿನ್ನ ಒಳ್ಳೇದಕ್ಕೆ ತಾನೇ ಕೊಟ್ಟಿದ್ದು? ಸಿಟ್ಟು ನನ್ನ ಮೇಲೆ ತೀರಿಸ್ಕೋತೀಯಲ್ಲ!"

ಸ್ಪಾಸೆ ಇಬ್ಬರ ನಡುವೆ ಕೈಯೆತ್ತಿ ನಿಂತ. "ಈಗ ಡಾಕ್ಟ್ರು ಏನಂದ್ರು, ಅದು ಹೇಳು. ಮಗು ಆಗುತ್ತಾ, ಇಲ್ವಾ?"

"ಮೊದಲು ಸಕ್ಕರೆ ಇಳೀಬೇಕು. ಸೊಂಟ ಕರಗಬೇಕು. ಆಮೇಲೆ ನೋಡೋಣ ಅಂದ್ರು."

ಅಷ್ಟೇ. ಅಷ್ಟು ಕೇಳಿದ್ದೇ ತಡ, ಮನೆ ರಾತ್ರಿ ಬೆಳಗಾಗುವುದರಲ್ಲಿ ಬದಲಾಯಿತು. ಮಗು ಆಗುವುದಾದರೆ ಪಥ್ಯ ಮಾಡೋಣ! ಜಾಫಿರಾ ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ಜೇನು ತಿನ್ನಿಸಿದ ಹುಮ್ಮಸ್ಸಿನಲ್ಲೇ ಪಥ್ಯಕ್ಕೂ ಇಳಿದಳು. ಬಿಳಿ ಬ್ರೆಡ್ಡು ಮನೆಯಿಂದ ಹೊರಗೆ ಹೋಯಿತು. ಕಾಳು ಬೇಯಿಸಿದ ಮಡಕೆಗೆ ಎಣ್ಣೆ ಹನಿ ಲೆಕ್ಕದಲ್ಲಿ ಬಿತ್ತು. ಸುಟ್ಟ ಕೆಂಪು ಮೆಣಸಿನಕಾಯಿ, ಎಲೆಕೋಸು, ಮೊಸರು, ಹೊಳೆಯ ಮೀನು. ನೆರೆಯವಳು ತಟ್ಟೆ ತಂದರೆ ಬಾಗಿಲಲ್ಲೇ ತಡೆದು, "ಹೋಗೇ ಹೋಗೇ, ನಮ್ಮ ಸೊಸೆ ಮಗುವಿಗೆ ತಯಾರಾಗ್ತಿದ್ದಾಳೆ" ಎಂದು ಅಟ್ಟುತ್ತಿದ್ದಳು. ಕಾರ್ಖಾನೆಯಲ್ಲಿ ಮೆಂಕಾ ಕಾವಲು. ಯಾರಾದರೂ ಬುರೆಕ್ ಚಾಚಿದರೆ ಕೈಮೇಲೆ ಹೊಡೆದು, "ಅವಳ ಹತ್ರ ತರಬೇಡ್ರೇ, ಪಾಪುಗೆ ಆಗಲ್ಲ" ಎನ್ನುವಳು, ಇನ್ನೂ ಇಲ್ಲದ ಪಾಪುವಿನ ಪರವಾಗಿ. ಸಂಜೆ ಸ್ಪಾಸೆ ಅವಳ ಜೊತೆ ಇಸಾರ್ ಗುಡ್ಡ ಹತ್ತುತ್ತಿದ್ದ. ಇಸ್ಕ್ರಾ ಕೊಟ್ಟ ಮಾತ್ರೆಯನ್ನು ಯಾನಾ ನೆನಪಿಸುತ್ತಿದ್ದಳು.

ಮೊದಲ ತಿಂಗಳು ಗುಡ್ಡದ ಅರ್ಧಕ್ಕೇ ಏದುಸಿರು. ಕ್ರಮೇಣ ಹಾಳುಬಿದ್ದ ಕೋಟೆಯ ಗೋಡೆಯವರೆಗೆ ಹತ್ತಿದಳು. ತಲೆನೋವು ಹೋಯಿತು. ಬೆಳಿಗ್ಗೆ ಎದ್ದಾಗ ಮೈಮೇಲೆ ಯಾರೋ ಕೂತಂತೆ ಇರುತ್ತಿದ್ದುದು ಹೋಯಿತು. ಕತ್ತಿನ ಕಪ್ಪು ತಿಳಿಯಾಗುತ್ತ ಬಂತು. ಒಂದು ಸಂಜೆ ಮೇಲೆ ನಿಂತು ಕೆಳಗಿನ ಹೊಳೆ, ಮನೆಗಳ ಹೆಂಚು ನೋಡುತ್ತಿದ್ದಾಗ, ಮಗುವಿನ ಯೋಚನೆಯಿಲ್ಲದೆ, ಸುಮ್ಮನೆ, ತನ್ನ ಮೈ ತನಗೆ ಹಿತವಾಗಿದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿ ಎಷ್ಟೋ ವರ್ಷವಾಗಿತ್ತು.

ಆದರೆ ರಕ್ತ ಹೋಗುವುದು ನಿಲ್ಲಲಿಲ್ಲ. ಇಸ್ಕ್ರಾ ಅವಳನ್ನು ರಾಜಧಾನಿ ಸ್ಕೋಪ್ಯೆಗೆ, ದೊಡ್ಡಾಸ್ಪತ್ರೆಗೆ ಕಳಿಸಿದಳು. ಅಲ್ಲಿ ಗರ್ಭಕೋಶದ ಒಳಪದರದ ಚೂರು ತೆಗೆದು ನೋಡಿದರು. ವರ್ಷಗಟ್ಟಲೆ ಮುಟ್ಟು ಸರಿಯಾಗಿ ಆಗದೆ ಪದರದ ಮೇಲೆ ಪದರ ದಪ್ಪಗಾಗಿ ಕೆಡತೊಡಗಿತ್ತು. ಇನ್ನು ಬಿಟ್ಟರೆ ಕ್ಯಾನ್ಸರ್. ಮೊದಲು ಗುಳಿಗೆಯಲ್ಲಿ ತಡೆಯಲು ನೋಡಿದರು, ತಿಂಗಳುಗಟ್ಟಲೆ ಕಾದರು, ಮತ್ತೆ ಚೂರು ತೆಗೆದರು. ತಗ್ಗಲಿಲ್ಲ. ಗರ್ಭಕೋಶ ತೆಗೆಯಬೇಕು ಎಂದರು. ಅಲ್ಲಿಯ ವೈದ್ಯೆ ವಯಸ್ಸಾದ ಹೆಂಗಸು, ಕನ್ನಡಕ ತೆಗೆದು ಒರೆಸುತ್ತ ಹೇಳಿದಳು, "ಈ ರಕ್ತಸ್ರಾವ ಶುರುವಾದಾಗಲೇ ಯಾರಾದರೂ ಈ ಪರೀಕ್ಷೆ ಮಾಡಿಸಿದ್ರೆ ಇಲ್ಲಿಗೆ ಬರ್ತಿರಲಿಲ್ಲಮ್ಮ. ಆಗ ಯಾರಿಗೂ ತೋರಿಸಿರಲಿಲ್ವಾ?"

ತೋರಿಸಿರಲಿಲ್ವಾ! ಕಾಲು ಮೇಲೆತ್ತಿ ಮಲಗಿ, ನಾಚಿಕೆ ನುಂಗಿ, ಆರು ವರ್ಷ ತೋರಿಸಿದ್ದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರೇ ಎಲ್ಲ. ವಂಗೆಲಿಯಾ ಆಸ್ಪತ್ರೆಯ ಅಂಗಳದಲ್ಲಿ ಸ್ಪಾಸೆ ತಂದಿದ್ದ ಲಾರಿಯ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದಳು. ತಗಡು ತಗ್ಗಿತು. ಸ್ಪಾಸೆ ಅಳುತ್ತಿದ್ದ.

ಆಪರೇಷನ್ ಬೇಸಿಗೆಯಲ್ಲಿ ಆಯಿತು. ಆಗವಳಿಗೆ ಮೂವತ್ತೇಳು. ಮನೆಗೆ ಬಂದು ಮಲಗಿದ ಮೂರನೇ ದಿನ ತಟ್ಟೆಗಳು ಬಂದವು. ಬಾಣಂತನಕ್ಕೆ ಬಂದಿದ್ದವೇ, ಅದೇ ಹಲ್ವಾ, ಅದೇ ಕರಿದ ಬಿಲ್ಲೆ, ಅದೇ ಹೆಂಗಸರು. ಈ ಸಲ ಜಾಫಿರಾ ಬಾಗಿಲಲ್ಲಿ ತಡೆಯಲಿಲ್ಲ. ತಾನೇ ಒಂದು ಬಿಲ್ಲೆ ಮುರಿದು ಸೊಸೆಯ ಬಾಯಿಯ ಹತ್ತಿರ ಹಿಡಿದಳು.

"ತಿನ್ನು ಮಗಾ. ಇನ್ನು ಯಾರಿಗೋಸ್ಕರ ಈ ಪಥ್ಯ?"

ನೋವಿನ ಮಾತ್ರೆಯ ಮಂಪರಿನಲ್ಲಿದ್ದ ವಂಗೆಲಿಯಾ ತಿಂದಳು. ದುಃಖದಲ್ಲಿದ್ದಳು, ಅದೂ ನಿಜ. ಸಿಹಿ ಗಂಟಲಲ್ಲಿ ಇಳಿಯುವಷ್ಟು ಹೊತ್ತು ಬೇರೆ ಯಾವುದೂ ನೆನಪಾಗುವುದಿಲ್ಲ.

ಬಿಳಿ ಬ್ರೆಡ್ಡು ವಾಪಸ್ಸು ಬಂತು. ಕಾರ್ಖಾನೆಗೆ ಮರಳಿದ ದಿನ ಮೆಂಕಾ ತನ್ನ ಕೈಯಾರೆ ಬುರೆಕ್ ತಂದು ಮುಂದಿಟ್ಟಳು. "ಬಾರೇ, ಇನ್ನು ನಿನಗೇನು ಕಟ್ಟುನಿಟ್ಟು? ನಮ್ಮ ಜೊತೆ ಸೇರ್ಕೋ." ಸಂಜೆ ಗುಡ್ಡಕ್ಕೆ ಹೋಗೋಣ ಎಂದರೆ ಸ್ಪಾಸೆ ಟಿವಿಯಿಂದ ಕಣ್ಣು ತೆಗೆಯದೆ, "ಇನ್ನು ಹತ್ತಿ ಏನು ಸಿಗಬೇಕಾಗಿದೆ ವಂಗೆ? ಕೂತ್ಕೋ, ಸುಧಾರಿಸ್ಕೋ" ಎಂದ. ಕೆಟ್ಟ ಮನಸ್ಸಿನಿಂದಲ್ಲ. ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದೇ ಅವಳ ಹೊಟ್ಟೆ ಉರಿಸಿತು. ಬೈಯೋಣವೆಂದರೆ ಎಲ್ಲರೂ ಒಳ್ಳೆಯವರು.

ಶರತ್ಕಾಲದ ಹೊತ್ತಿಗೆ ಪಥ್ಯ ಹೆಸರಿಗೂ ಉಳಿದಿರಲಿಲ್ಲ. ಇಸ್ಕ್ರಾ ಎರಡು ಸಲ ಹೇಳಿಕಳಿಸಿದ ಮೇಲೆ ಹೋದಳು. ಸಕ್ಕರೆ ಮೊದಲಿಗಿಂತ ಒಂದು ಕೈ ಮೇಲೆ. ಒತ್ತಡವೂ ಹಾಗೇ. ಇಸ್ಕ್ರಾ ಬೈಯಲಿಲ್ಲ.

"ಯಾಕೆ ಬಿಟ್ರಿ ಅಕ್ಕ?"

"ಮಗು ಇಲ್ವಲ್ಲ ಡಾಕ್ಟ್ರೇ."

"ನಿಮ್ಮ ಹೃದಯ ಇದೆಯಲ್ಲ. ಅದು ಎಲ್ಲಿಗೆ ಹೋಗಿದೆ?"

ದವಾಖಾನೆಯ ಮೆಟ್ಟಿಲಿಳಿಯುವಾಗ ವಂಗೆಲಿಯಾಳಿಗೆ ತನ್ನ ಬಾಯಿಂದ ಬಂದ ಮಾತು ತನಗೇ ಕಪಾಳಕ್ಕೆ ಹೊಡೆದ ಹಾಗಾಯಿತು. ಊರವರ ಮಾತನ್ನು ತಾನೂ ಆಡಿದ್ದಳು. ಮೈ ಎಂದರೆ ಮಗು ಬೇಯಿಸುವ ಮಡಕೆ, ಮಡಕೆ ಒಡೆದ ಮೇಲೆ ತಿಪ್ಪೆಗೆ.

ನವೆಂಬರಿನಲ್ಲಿ ಮಿತ್ರೋವ್‌ದೆನ್, ಆ ಮನೆಯ ಸಂತನ ಹಬ್ಬ. ಆ ದಿನ ಕರೆಯದೆಯೂ ನೆಂಟರು ಬರುತ್ತಾರೆ, ಬಂದವರಿಗೆಲ್ಲ ಬಡಿಸಬೇಕು, ಬಡಿಸಿದ್ದನ್ನೆಲ್ಲ ತಿನ್ನಬೇಕು. ಬೇಡ ಎನ್ನುವುದು ಸಂತನಿಗೇ ಬೆನ್ನು ತಿರುಗಿಸಿದ ಹಾಗೆ. ಮಧ್ಯಾಹ್ನಕ್ಕೆ ಮನೆ ತುಂಬಿತು. ಮೆಂಕಾ ಬಂದಳು, ಬೀದಿಯ ಹೆಂಗಸರು ಬಂದರು, ಮದುವೆಯಲ್ಲಿ ಸಾಕ್ಷಿ ನಿಂತಿದ್ದ ಪಾನ್ಚೆ ಬಂದು ಮೇಜಿನ ತಲೆಗೆ ಕೂತ. ರಾಕಿಯಾ ಸಾರಾಯಿ ಒಂದು ಸುತ್ತು ಆಯಿತು. ವಂಗೆಲಿಯಾ ಬೆಳಗಿನಿಂದ ನಿಂತು ಬಡಿಸಿ ಆಮೇಲೆ ತಾನೂ ಕೂತು, ಕಾಳು, ಉಪ್ಪಿನೆಲೆಕೋಸು, ಒಂದು ತುಂಡು ಮೀನು ಹಾಕಿಕೊಂಡಳು. ಜಾಫಿರಾ ಪಾಕ ಸುರಿಯುವ ತುಲುಂಬಾದ ತಟ್ಟೆ ತಂದು ಅವಳ ಮುಂದಿಟ್ಟಳು.

"ಬೇಡ ಅತ್ತೆ."

"ಹಬ್ಬದ ದಿನ ಬೇಡ ಅನ್ನಬಾರದು. ಒಂದು ತಗೋ."

"ಬೇಡ ಅಂದ್ನಲ್ಲ."

ಪಾನ್ಚೆ ನಗುತ್ತ ಗ್ಲಾಸು ಎತ್ತಿದ. "ತಗೊಳಮ್ಮ, ಸಂತ ಕೋಪ ಮಾಡ್ಕೋತಾನೆ. ಈಗ ನಿನಗೆ ಯಾವ ಮಗು ಹೆರೋದಿದೆ ಅಂತ ಸೊಂಟ ಕಾಪಾಡ್ಕೋತಿದ್ದೀಯ?"

ಒಂದಿಬ್ಬರು ನಕ್ಕರು. ವಂಗೆಲಿಯಾ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಏನಂದೆ ಪಾನ್ಚೆ? ಇನ್ನೊಂದು ಸಲ ಅನ್ನು, ಎಲ್ಲರಿಗೂ ಕೇಳಿಸಲಿ! ಮಗು ಬರುತ್ತೆ ಅಂದಾಗ ಈ ಮನೇಲಿ ಎಣ್ಣೆಗೂ ಲೆಕ್ಕ ಇಟ್ಟಿದ್ರಿ. ನನ್ನ ಕೈ ಹಿಡಿದು ಗುಡ್ಡ ಹತ್ತಿಸಿದ್ರಿ. ನನಗೆ ಅಂದ್ಕೊಂಡಿದ್ದೆ ಕಣ್ರೋ, ದಡ್ಡಿ ನಾನು! ನನಗಲ್ಲ, ಒಳಗೆ ಬರೋ ಬಾಡಿಗೆದಾರನಿಗೆ! ಅವನು ಬರಲ್ಲ ಅಂತ ಗೊತ್ತಾಗಿದ್ದೇ ತಟ್ಟೆ ತಂದು ಇಟ್ರಿ. ನನ್ನ ಹೊಟ್ಟೇಲಿ ಇನ್ನು ಯಾರೂ ಇರಲ್ಲ ಅಂದ್ರೆ ನಾನೂ ಇಲ್ವಾ? ಮೆಂಕಾ, ನೀನು ಹೇಳು. ಸ್ಪಾಸೆ, ನೀನು ಬಾಯಿಬಿಡು. ನಾನು ಸತ್ರೆ ಯಾನಾಗೆ ಯಾರು ತಲೆ ಬಾಚ್ತಾರೆ? ಬೇಡ, ಯಾನಾ ಮಾತೂ ಬೇಡ. ನನಗೆ ಬದುಕಬೇಕು. ನನಗೆ! ಅದು ಸಾಲದಾ?"

ಪಾನ್ಚೆ ಗ್ಲಾಸು ಕೆಳಗಿಟ್ಟ. ಸ್ಪಾಸೆ ಮೇಜಿನ ಬಟ್ಟೆ ನೋಡುತ್ತ ಕೂತ. ವಂಗೆಲಿಯಾಳ ಕಣ್ಣು ಎಲ್ಲರನ್ನೂ ದಾಟಿ ಅತ್ತೆಯ ಮೇಲೆ ನಿಂತಿತು.

"ನೀವೂ ಹೆಂಗಸು ಅತ್ತೆ. ನಿಮಗಾದ್ರೂ ಗೊತ್ತಾಗಬೇಕಿತ್ತು."

ಜಾಫಿರಾಳ ಮುಖ ಮೊದಲು ಕೆಂಪಾಯಿತು. ಆಮೇಲೆ ತುಲುಂಬಾದ ತಟ್ಟೆಯನ್ನು ಮೇಜಿನಿಂದ ಎತ್ತಿ ಎದೆಗವಚಿ ಹಿಡಿದಳು. ಅವಳೂ ಕೂಗಿದಳು, ಅಳುತ್ತ ಅಲ್ಲ, ಸೊಸೆಯಷ್ಟೇ ಸಿಟ್ಟಿನಲ್ಲಿ.

"ಹೆಂಗಸಾಗಿದ್ದಕ್ಕೇ ಕಣೇ ನನಗೆ ಗೊತ್ತಿಲ್ಲದ್ದು! ಸ್ಪಾಸೆ ಆದ ಮೇಲೆ ನನಗೂ ಒಂದು ನಿಲ್ಲಲಿಲ್ಲ. ಎರಡು ಹೋದವು. ನಮ್ಮತ್ತೆ ನನಗೂ ಜೇನು ತಿನ್ನಿಸಿದ್ಲು, ಇದೇ ಅಕ್ರೋಟು, ಇದೇ ಬೇರು. ಆಮೇಲೆ ಮುಟ್ಟು ಬೇಗ ನಿಂತುಹೋಯ್ತು. ನಿಂತ ದಿನದಿಂದ ನನ್ನನ್ನ ಒಬ್ಬರಾದ್ರೂ ಕೇಳಿದ್ರಾ, ಜಾಫಿರಾ ನಿನಗೆ ಹೇಗಿದೆ ಅಂತ? ತಿನ್ನು ಅಂದ್ರು, ತಿಂದೆ. ಇನ್ನೇನು ಮಾಡಬೇಕಿತ್ತು? ಡಾಕ್ಟ್ರ ಹತ್ರ ನಾನೂ ಹೋಗಿದ್ದೆ. ಮನಸ್ಸು ಹಗುರ ಮಾಡ್ಕೋ, ತೂಕ ಇಳಿಸು ಅಂದ."

"ಯಾವ ಡಾಕ್ಟರ್?"

"ಯಾವನು ಅಂದ್ರೆ! ಅವನೇ ಕಾಮ್ಚೆವ್. ಆಗಿನ್ನೂ ಹುಡುಗ. ತಲೆ ತುಂಬ ಕಪ್ಪು ಕೂದಲಿತ್ತು."

ಇಷ್ಟು ದಿನ ವಂಗೆಲಿಯಾ ಈ ಮುದುಕಿಗಾಗಿ ಕೂಡಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ದಿಕ್ಕು ತಪ್ಪಿ ನಿಂತಿತು. ಎದುರಿಗಿದ್ದವಳನ್ನು ಅವಳು ಮೊದಲ ಸಲ ನೋಡಿದಂತೆ ನೋಡಿದಳು. ದಪ್ಪ ಸೊಂಟ, ಊದಿದ ಕಾಲು, ಕತ್ತಿನ ಸುತ್ತ ಎಂದೂ ಬಿಚ್ಚದ ಬಟ್ಟೆ. ಕೈಚಾಚಿ ತುಲುಂಬಾದ ತಟ್ಟೆ ಹಿಡಿದು ಎಳೆದಳು. ಜಾಫಿರಾ ಒಂದು ಕ್ಷಣ ಬಿಡಲಿಲ್ಲ. ಆಮೇಲೆ ಬಿಟ್ಟಳು.

"ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ. ಕಾಫಿನೂ ಬೇಡ. ಇಸ್ಕ್ರಾ ಹತ್ರ ಹೋಗಿ ರಕ್ತ ಕೊಡೋಣ."

"ನಂದಾ?" ಜಾಫಿರಾ ನಿಜಕ್ಕೂ ಅರ್ಥವಾಗದೆ ಕೇಳಿದಳು. ಕುಚೋದ್ಯವಲ್ಲ, ಹಟವಲ್ಲ, ಅರವತ್ತೆರಡು ವರ್ಷದಲ್ಲಿ ಅವಳಿಗೆ ಅಂಥ ಮಾತು ಯಾರೂ ಹೇಳಿರಲಿಲ್ಲ. "ನನಗೀಗ ಯಾವ ಮಗು ಆಗಬೇಕೇ? ಯಾರಿಗೋಸ್ಕರ?"

ಆ ಪ್ರಶ್ನೆ ಕೇಳಿ ವಂಗೆಲಿಯಾಳಿಗೆ ಮತ್ತೆ ರೇಗಿತು, ಅಲ್ಲಿಯವರೆಗೆ ರೇಗಿದ್ದಕ್ಕಿಂತ ಹೆಚ್ಚು ರೇಗಿತು.

"ನಿಮಗೋಸ್ಕರ ಅತ್ತೆ!" ಎಂದು ಮನೆಯ ಹೆಂಚು ಹಾರಿಹೋಗುವಂತೆ ಕಿರುಚಿದಳು. "ನಿಮಗೋಸ್ಕರ!"